ಕೆಂಪು ಬಿಲ್ಲೆಯ ಟೈಮರ್, ಸ್ಟಿಕ್ಕರ್ ಪಟ್ಟಿ, ಮುಖಗಳ ಚಾರ್ಟ್: ಯಾವ ವಯಸ್ಸಿಗೆ ಯಾವುದು?

ಹೊಡೆಯದೆ, ಗದರದೆ ಮಗುವನ್ನು ಬೆಳೆಸಬೇಕು ಎಂದುಕೊಂಡವರಿಗೆ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಮೂರು ಸಾಮಾನು ಮೊದಲು ಎದುರಾಗುತ್ತವೆ: ಉಳಿದ ಸಮಯವನ್ನು ಬಣ್ಣದಲ್ಲಿ ತೋರಿಸುವ ಟೈಮರ್, ಒಳ್ಳೆಯ ನಡತೆಗೆ ಚುಕ್ಕಿ ಅಂಟಿಸುವ ಸ್ಟಿಕ್ಕರ್ ಪಟ್ಟಿ, ನಗು ಅಳು ಸಿಟ್ಟಿನ ಮುಖಗಳಿರುವ ಚಾರ್ಟ್. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ‘ಪಾಸಿಟಿವ್ ಡಿಸಿಪ್ಲಿನ್ ಕಿಟ್’ ಎಂದು ಮಾರುವುದೂ ಉಂಟು. ಪೆಟ್ಟಿಗೆಯ ಮೇಲೆ ‘3+’ ಎಂದಿರುತ್ತದೆ. ಆ ಅಂಕಿ ಮುಖ್ಯವಾಗಿ ಬಿಡಿಭಾಗ ನುಂಗುವ ಅಪಾಯದ ಬಗ್ಗೆ ಹೇಳುತ್ತದೆಯೇ ಹೊರತು, ಆ ವಯಸ್ಸಿನ ಮಗುವಿಗೆ ವಸ್ತು ಅರ್ಥವಾಗುತ್ತದೆ ಎಂದಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಟೈಮರ್ ಕೊಳ್ಳಿ, ಆದರೆ 60 ನಿಮಿಷದ್ದು ಬೇಡ, 20 ನಿಮಿಷದ್ದು ಸಾಕು. ಸ್ಟಿಕ್ಕರ್ ಪಟ್ಟಿಯನ್ನು ಒಂದೇ ಒಂದು ಅಭ್ಯಾಸಕ್ಕೆ, ಕೆಲವೇ ವಾರ ಬಳಸಿ. ಮುಖಗಳ ಚಾರ್ಟನ್ನು ಮನೆಯಲ್ಲೇ ಬರೆದುಕೊಳ್ಳಬಹುದು.

ಮೂರರಲ್ಲಿ ಹೆಚ್ಚು ಮಾತು ಬೇಡುವುದು ಟೈಮರ್. ‘ಟೈಮ್ ಟೈಮರ್’ ಎಂಬ ಹೆಸರಿನಲ್ಲಿ ಇದನ್ನು ಮೊದಲು ರೂಪಿಸಿದವರು ಅಮೆರಿಕದ ಜಾನ್ ರೋಜರ್ಸ್ ಎಂಬ ತಾಯಿ, 1994ರಲ್ಲಿ, ‘ಇನ್ನೂ ಎಷ್ಟು ಹೊತ್ತು?’ ಎಂದು ಪದೇಪದೇ ಕೇಳುತ್ತಿದ್ದ ತಮ್ಮ ಪುಟ್ಟ ಮಗಳಿಗಾಗಿ. ಈಗ ಅದೇ ಬಗೆಯವು ಹಲವು ಹೆಸರುಗಳಲ್ಲಿ ಸಿಗುತ್ತವೆ. ರಚನೆ ಸರಳ. ಬಿಳಿ ಮುಖಫಲಕ, ನಡುವೆ ಗುಬುಟು, ಅದಕ್ಕೆ ಹೊಂದಿಕೊಂಡ ಕೆಂಪು ಬಿಲ್ಲೆ. ಗುಬುಟನ್ನು ತಿರುಗಿಸಿದಷ್ಟೂ ಕೆಂಪು ಹರಡುತ್ತದೆ, ಸಮಯ ಕಳೆದಂತೆ ಕೆಂಪು ಕರಗುತ್ತಾ ಬರುತ್ತದೆ, ಕೊನೆಗೆ ಪೂರ್ತಿ ಮಾಯವಾಗುತ್ತದೆ. ಸಂಖ್ಯೆ ಓದಲು ಬರದ ಮಗುವಿಗೂ ‘ಕೆಂಪು ಸ್ವಲ್ಪವೇ ಉಳಿದಿದೆ’ ಎಂಬುದು ಕಾಣುತ್ತದೆ. ಇದರ ಬಲವೆಲ್ಲ ಇರುವುದು ಇಲ್ಲೇ.

ಇಂಥದ್ದೊಂದು ಆಸರೆ ಯಾಕೆ ಬೇಕು? ಐದು ನಿಮಿಷ ಎಂಬ ಮಾತಿನಲ್ಲಿ ಮೂರು ವರ್ಷದ ಮಗುವಿಗೆ ಹಿಡಿಯಲು ಏನೂ ಇಲ್ಲ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ಪಟ್ಟಿಯಲ್ಲಿ ‘ನಿನ್ನೆ’, ‘ನಾಳೆ’, ‘ಬೆಳಿಗ್ಗೆ’, ‘ರಾತ್ರಿ’ಯಂಥ ಕಾಲದ ಮಾತುಗಳನ್ನು ಬಳಸುವುದು 5 ವರ್ಷದ ಸಾಲಿನಲ್ಲಿದೆ. ಕಥೆ ಕೇಳುವಾಗಲೋ ಚಿತ್ರ ಬಿಡಿಸುವಾಗಲೋ 5ರಿಂದ 10 ನಿಮಿಷ ಗಮನ ನಿಲ್ಲಿಸುವುದೂ ಅದೇ ಸಾಲಿನಲ್ಲಿದೆ, ಪರದೆ ನೋಡುವ ಹೊತ್ತನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಪಟ್ಟಿಯಲ್ಲಿ ಒಂದು ವಯಸ್ಸಿನ ಎದುರು ಬರೆದಿರುವುದು ಆ ವಯಸ್ಸಿನ ಮಕ್ಕಳಲ್ಲಿ 75% ಅಥವಾ ಅದಕ್ಕಿಂತ ಹೆಚ್ಚು ಮಂದಿ ಮಾಡಬಲ್ಲರೆಂದು ನಿರೀಕ್ಷಿಸುವ ಸಂಗತಿ. ಹೀಗಿರುವಾಗ ಮೂರು ವರ್ಷದ ಮಗು ‘ಇನ್ನು ಹತ್ತು ನಿಮಿಷ, ಆಮೇಲೆ ಸ್ನಾನ’ ಎಂಬುದನ್ನು ಕೇಳಿಸಿಕೊಳ್ಳದಂತೆ ಆಡಿದರೆ ಅದು ಹಠವಲ್ಲ. ಆ ಮಾತು ಅದರ ಪಾಲಿಗೆ ಇನ್ನೂ ಖಾಲಿ.

ಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಅಳತೆಯಲ್ಲಿ. ‘ದೊಡ್ಡದೇ ಇರಲಿ, ಎಲ್ಲಕ್ಕೂ ಆಗುತ್ತದೆ’ ಎಂದು 60 ನಿಮಿಷದ ಫಲಕವನ್ನು ತರುತ್ತಾರೆ. ಲೆಕ್ಕ ಹಾಕಿ ನೋಡಿ. 60 ನಿಮಿಷದ ಫಲಕದಲ್ಲಿ ಒಂದು ನಿಮಿಷಕ್ಕೆ 6 ಡಿಗ್ರಿ, ಐದು ನಿಮಿಷಕ್ಕೆ 30 ಡಿಗ್ರಿ. ಅಂದರೆ ವೃತ್ತದ ಹನ್ನೆರಡರಲ್ಲಿ ಒಂದು ಪಾಲು. ಮೊದಲ ನೋಟಕ್ಕೇ ಅದು ‘ಮುಗಿದೇ ಹೋಯಿತು’ ಎನ್ನಿಸುವಷ್ಟು ತೆಳ್ಳಗಿನ ಸೀಳು, ಅದು ಕರಗುವುದೂ ಪುಟ್ಟ ಕಣ್ಣಿಗೆ ಕಾಣುವುದಿಲ್ಲ. 20 ನಿಮಿಷದ ಫಲಕದಲ್ಲಿ ನಿಮಿಷಕ್ಕೆ 18 ಡಿಗ್ರಿ, ಐದು ನಿಮಿಷಕ್ಕೆ ಸರಿಯಾಗಿ ಕಾಲು ವೃತ್ತ. 5 ನಿಮಿಷದ ಫಲಕದಲ್ಲಂತೂ ಪೂರ್ತಿ ವೃತ್ತ ಕೆಂಪಾಗಿ ಕಣ್ಣೆದುರೇ ಸರಿಯುತ್ತದೆ. ಇನ್ನೊಂದು ಲಾಭವೂ ಇದೆ. ಇಡುವಾಗ ಕೈ 3 ಡಿಗ್ರಿ ಆಚೀಚೆ ಆದರೆ 60ರ ಫಲಕದಲ್ಲಿ ಅರ್ಧ ನಿಮಿಷ ತಪ್ಪುತ್ತದೆ, 20ರದರಲ್ಲಿ ಹತ್ತೇ ಸೆಕೆಂಡು. ಮೂಲ ಕಂಪನಿಯೇ 5, 20, 60, 120 ನಿಮಿಷಗಳ ಮಾದರಿಗಳನ್ನು ಬೇರೆಬೇರೆಯಾಗಿ ಮಾಡುತ್ತದೆ. ಆರು ವರ್ಷದ ಒಳಗಿನ ಮಕ್ಕಳಿರುವ ಮನೆಗೆ 20ರದ್ದೇ ಸರಿ. ಶಾಲೆಯ ಕೆಲಸ, ಓದು ಶುರುವಾದ ಮೇಲೆ 60ರದ್ದು ಬರಲಿ.

ಒಂದೇ ಮನೆಯಲ್ಲಿ ಬೇರೆಬೇರೆ ಅಳತೆಯ ಎರಡು ಟೈಮರ್ ಇಡಬೇಡಿ. ಎರಡರಿಂದ ಏಳು ವರ್ಷದವರೆಗಿನ ಯೋಚನೆಯ ಬಗೆಯನ್ನು ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಹಲವು ಪ್ರಯೋಗಗಳಲ್ಲಿ ತೋರಿಸಿಕೊಟ್ಟರು: ಉದ್ದ ಲೋಟಕ್ಕೆ ಸುರಿದ ನೀರು ಹೆಚ್ಚಾಯಿತು ಎಂದು ಈ ವಯಸ್ಸಿನ ಮಗು ಹೇಳುತ್ತದೆ, ಕಾಣುವುದನ್ನೇ ನಂಬುತ್ತದೆ. ಅಕ್ಕನ ಫಲಕದಲ್ಲಿ ಕೆಂಪು ದೊಡ್ಡದಾಗಿದ್ದರೆ ಅವಳಿಗೇ ಹೆಚ್ಚು ಹೊತ್ತು ಸಿಕ್ಕಿತು ಎಂದು ತಮ್ಮ ಅಳುವುದು ಅದೇ ನಿಯಮದ ಪ್ರಕಾರ. ವಿವರಣೆಯಿಂದ ಆ ಜಗಳ ಬಗೆಹರಿಯುವುದಿಲ್ಲ.

ಗಟ್ಟಿತನ ನೋಡುವಾಗ ಬಿಲ್ಲೆಯ ಮೇಲೆ ಪಾರದರ್ಶಕ ಮುಚ್ಚಳ ಇದೆಯೇ ಎಂದು ಮೊದಲು ಗಮನಿಸಿ. ಮುಚ್ಚಳವಿಲ್ಲದ ಮಾದರಿಯಲ್ಲಿ ಮಗು ಬಿಲ್ಲೆಯನ್ನೇ ಹಿಡಿದೆಳೆಯುತ್ತದೆ, ಕ್ರಮೇಣ ಬಿಲ್ಲೆ ಸಡಿಲಾಗಿ ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ. ಗಂಟೆಯ ಸದ್ದನ್ನು ಆಫ್ ಮಾಡುವ ಸ್ವಿಚ್ ಇರಲೇಬೇಕು. ಸದ್ದಿಗೆ ಬೆಚ್ಚುವ ಮಕ್ಕಳಿದ್ದಾರೆ, ಅಂಥವರಿಗೆ ಸಣ್ಣ ‘ಬೀಪ್’ ಕೂಡ ಬೆದರಿಕೆಯಾಗುತ್ತದೆ. ಸ್ಪ್ರಿಂಗ್ ಕೊಟ್ಟು ತಿರುಗಿಸುವ ಅಡುಗೆಮನೆ ಟೈಮರ್‌ಗಳಲ್ಲಿ ಆ ಅನುಕೂಲ ಇಲ್ಲ. ಟಿಕ್ ಟಿಕ್ ನಿಲ್ಲುವುದಿಲ್ಲ, ಕೊನೆಗೆ ಜೋರಾಗಿ ಹೊಡೆದುಕೊಳ್ಳುತ್ತವೆ. ಜೊತೆಗೆ ಕಡಿಮೆ ನಿಮಿಷ ಇಡಬೇಕಾದರೆ ಹಲವನ್ನು ಮೊದಲು ಹತ್ತರಾಚೆ ತಿರುಗಿಸಿ ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ಗಂಟೆ ಹೊಡೆಯುವುದೇ ಇಲ್ಲ. ಮರಳಿನ ಗಡಿಯಾರ ಹಲ್ಲುಜ್ಜಲು ಪರವಾಗಿಲ್ಲ. ಆದರೆ ಎರಡು ವರ್ಷದ ಮಗುವಿಗೆ ಅದು ತಿರುವಿ ತಿರುವಿ ನೋಡುವ ಆಟಿಕೆ. ತಿರುವಿದರೆ ಮರಳು ಬೀಳುತ್ತದೆ ಎಂಬ ಕಾರ್ಯಕಾರಣವೇ ಅದಕ್ಕೆ ಆಗ ಸೋಜಿಗ, ಅದನ್ನು ಬೈದು ಬಿಡಿಸುವುದರಲ್ಲಿ ಅರ್ಥವಿಲ್ಲ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ದೊಡ್ಡ ಮಾದರಿಗಳಲ್ಲಿ ಹೆಚ್ಚಿನವು ಒಂದು ಎಎ ಸೆಲ್‌ನಿಂದ ನಡೆಯುತ್ತವೆ. ಚಿಕ್ಕ ಡಿಜಿಟಲ್ ಟೈಮರ್‌ಗಳಲ್ಲಿ ನಾಣ್ಯದಾಕಾರದ ಗುಂಡಿ ಸೆಲ್ ಇರುತ್ತದೆ. ಅದನ್ನು ಮಗು ನುಂಗಿ, ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ತೀವ್ರ ಸುಟ್ಟಗಾಯ ಆಗಬಹುದು. ಸುಮಾರು 20 ಮಿ.ಮೀ. ಅಗಲದ ಲಿಥಿಯಂ ಸೆಲ್‌ಗಳು ಎಲ್ಲಕ್ಕಿಂತ ಅಪಾಯಕಾರಿ. ನುಂಗಿರಬಹುದು ಎಂಬ ಅನುಮಾನ ಬಂದರೂ ಕಾಯದೆ ತುರ್ತು ಚಿಕಿತ್ಸೆಗೆ ಒಯ್ಯಬೇಕು, ವಾಂತಿ ಮಾಡಿಸಬಾರದು. ಸೆಲ್‌ನ ಬಾಗಿಲಿಗೆ ಸ್ಕ್ರೂ ಇಲ್ಲದ ಯಾವ ಟೈಮರನ್ನೂ ಮಗುವಿನ ಕೈಗೆ ಕೊಡಬೇಡಿ. ಫ್ರಿಜ್ಜಿಗೆ ಅಂಟುವ ಮಾದರಿಯ ಅಯಸ್ಕಾಂತ ಬಿಗಿಯಾಗಿ ಒಳಗೇ ಕೂತಿದೆಯೇ ಎಂದೂ ನೋಡಿ. ಎರಡು ಬಲವಾದ ಅಯಸ್ಕಾಂತ ನುಂಗಿದರೆ ಅವು ಕರುಳಿನ ಗೋಡೆಗಳ ಆಚೀಚೆಯಿಂದ ಒಂದನ್ನೊಂದು ಸೆಳೆದು ಕರುಳನ್ನೇ ತೂತು ಮಾಡಬಲ್ಲವು. ಅಯಸ್ಕಾಂತದ ಬಿಲ್ಲೆಗಳಿರುವ ‘ಬಹುಮಾನ ಫಲಕ’ಗಳಿಗೂ ಇದೇ ಮಾತು.

ಈಗ ಬಳಕೆ. ವಸ್ತು ಚೆನ್ನಾಗಿದ್ದೂ ‘ನಮ್ಮ ಮಗುವಿಗೆ ಇದು ನಡೆಯಲಿಲ್ಲ’ ಎಂದು ಮೂಲೆಗೆ ಸೇರುವುದು ಬಹುಮಟ್ಟಿಗೆ ಮೊದಲ ವಾರದಲ್ಲಿ. ಬಹಳ ಮನೆಗಳಲ್ಲಿ ಟೈಮರ್ ಮೊದಲ ದಿನವೇ ಆಟ ನಿಲ್ಲಿಸಲು ಬರುತ್ತದೆ. ಎರಡೇ ದಿನದಲ್ಲಿ ಮಗು ಅದನ್ನು ಕಂಡರೆ ಮುಖ ತಿರುಗಿಸುತ್ತದೆ, ಇಲ್ಲವೇ ಎತ್ತಿ ಎಸೆಯುತ್ತದೆ. ಮೊದಲ ವಾರ ಅದನ್ನು ಮಗುವಿಗೆ ಬೇಕಾದುದು ಬರುವ ಹೊತ್ತನ್ನು ತೋರಿಸಲು ಮಾತ್ರ ಇಡಿ. ಹಣ್ಣು ಹೆಚ್ಚಿ ಮುಗಿಯುವವರೆಗೆ ಎರಡು ನಿಮಿಷ, ನೀವು ಕೈ ತೊಳೆದು ಬಂದು ಜೊತೆಗೆ ಆಡುವವರೆಗೆ ಮೂರು ನಿಮಿಷ. ಕೆಂಪು ಹೋದ ತಕ್ಷಣ, ಒಂದು ಕ್ಷಣವೂ ತಡಮಾಡದೆ, ಹೇಳಿದ್ದನ್ನು ಕೊಡಿ. ‘ಕೆಂಪು ಹೋದರೆ ಮಾತು ನಡೆಯುತ್ತದೆ’ ಎಂಬ ನಂಬಿಕೆ ಹುಟ್ಟುವುದು ಹೀಗೆ. ಆಮೇಲೆ ಅದೇ ನಂಬಿಕೆ ಆಟ ಮುಗಿಸುವಾಗ ಕೆಲಸಕ್ಕೆ ಬರುತ್ತದೆ.

ಎರಡನೆಯ ವಾರದಿಂದ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಬಳಸಿ. ಕ್ರಮ ಹೀಗಿರಲಿ. ಮೊದಲು ಹತ್ತಿರ ಹೋಗಿ, ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು, ಆಟದ ಬಗ್ಗೆ ಒಂದು ಮಾತಾಡಿ. ದೂರದ ಕೋಣೆಯಿಂದ ಕೂಗಿದ್ದು ಈ ವಯಸ್ಸಿಗೆ ಮುಟ್ಟುವುದಿಲ್ಲ. ಮುಂದಿನ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಿ: ‘ಕೆಂಪು ಹೋದ ಮೇಲೆ ಸ್ನಾನ.’ ಗುಬುಟನ್ನು ಮಗುವೇ ತಿರುಗಿಸಲಿ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿಮ್ಮ ಬೆರಳು ತೋರಿಸಲಿ. ಫಲಕ ಮಗುವಿಗೆ ಕಾಣುವ ಕಡೆ, ಕೈಗೆ ಎಟುಕದ ಕಡೆ ಇರಲಿ. ನಡುವೆ ಒಮ್ಮೆ, ಕೆಂಪು ಚೂರೇ ಉಳಿದಾಗ, ‘ಕೊನೆಗೆ ಯಾವ ಬ್ಲಾಕ್ ಇಡುತ್ತೀಯ?’ ಎಂದು ಕೇಳಿ, ಮುಗಿಸುವುದು ಅದರ ಕೆಲಸವಾಗಲಿ. ಕೆಂಪು ಹೋದಾಗ ಎದ್ದು ಬನ್ನಿ, ಕೈ ಚಾಚಿ, ‘ಟವೆಲ್ ನೀನು ಹಿಡಿಯುತ್ತೀಯೋ, ಮಗ್ ಹಿಡಿಯುತ್ತೀಯೋ?’ ಎನ್ನಿ. ಎರಡೇ ಆಯ್ಕೆ, ಎರಡೂ ನಿಮಗೆ ಒಪ್ಪಿಗೆಯಾದವು. ‘ಸ್ನಾನಕ್ಕೆ ಹೋಗೋಣವಾ?’ ಎಂಬ ಪ್ರಶ್ನೆ ಬೇಡ. ಅದಕ್ಕೆ ಬರುವ ‘ಬೇಡ’ ಎಂಬುದೂ ನ್ಯಾಯವಾದ ಉತ್ತರವೇ.

ಮಗು ಆಗಲೂ ಅತ್ತರೆ? ಅಳಲಿ. ಅಳು ಬಂದಿದ್ದರಿಂದ ಟೈಮರ್ ಸೋತಂತಾಗಲಿಲ್ಲ. ‘ಆಟ ಬಿಡೋದು ಬೇಜಾರು, ಗೊತ್ತು’ ಎಂದು ಹೇಳಿ, ಮೆತ್ತಗೆ ಎತ್ತಿಕೊಂಡು ಹೋಗಿ. ಇಡೀ ಪದ್ಧತಿಯನ್ನು ಕೆಡಿಸುವ ಮಾತು ಒಂದಿದೆ, ಅದು ‘ಸರಿ, ಇನ್ನೆರಡು ನಿಮಿಷ’. ಒಮ್ಮೆ ಹೆಚ್ಚಿಸಿದರೆ ಮರುದಿನದಿಂದ ಮಗು ಪ್ರತಿ ಸಲ ಪರೀಕ್ಷಿಸುತ್ತದೆ, ಪರೀಕ್ಷಿಸುವುದೂ ಸಹಜ. ಯಾವಾಗಲೋ ಒಮ್ಮೆ ಫಲ ಕೊಡುವ ಹಠ ಬೇಗ ಹೋಗುವುದಿಲ್ಲ.

ಎಷ್ಟು ನಿಮಿಷ ಎಂಬುದಕ್ಕೆ ನಮ್ಮ ಅಂದಾಜು: ಎರಡು ವರ್ಷದ ಒಳಗೆ ಟೈಮರ್ ಬೇಡವೇ ಬೇಡ. 18 ತಿಂಗಳ ಮಗು ಸನ್ನೆಯಿಲ್ಲದೆ ಹೇಳಿದ ಒಂದು ಹಂತದ ಮಾತನ್ನು ನಡೆಸಬಲ್ಲದು, 30 ತಿಂಗಳ ಹೊತ್ತಿಗೆ ‘ಗೊಂಬೆ ಕೆಳಗಿಟ್ಟು ಬಾಗಿಲು ಹಾಕು’ ಎಂಬ ಎರಡು ಹಂತದ್ದನ್ನು. ‘ಕೆಂಪು ಹೋಗಲಿ, ಆಮೇಲೆ ಸ್ನಾನ’ ಎಂಬುದೂ ಎರಡು ಹಂತದ ಮಾತೇ. ಎರಡರ ಒಳಗಿನ ಮಗುವನ್ನು ಗಮನ ಬೇರೆಡೆಗೆ ಸೆಳೆದು, ಎತ್ತಿಕೊಂಡು, ಹಾಡು ಹೇಳುತ್ತಾ ಕರೆದೊಯ್ಯುವುದೇ ದಾರಿ. ಎರಡೂವರೆಯ ಹೊತ್ತಿಗೆ ಒಂದೆರಡು ನಿಮಿಷ, ಮೂರರಲ್ಲಿ ಮೂರರಿಂದ ಐದು, ನಾಲ್ಕರಲ್ಲಿ ಹತ್ತರವರೆಗೆ, ಐದಾರರಲ್ಲಿ ಇಪ್ಪತ್ತು. ದಿನಕ್ಕೆ ಮೂರು ನಾಲ್ಕು ಸಲ ಸಾಕು. ಬೆಳಗಿನಿಂದ ರಾತ್ರಿಯವರೆಗೆ ಎಲ್ಲಕ್ಕೂ ಟೈಮರ್ ಇಟ್ಟರೆ ಮಗು ಅದನ್ನು ನೋಡುವುದನ್ನೇ ಬಿಡುತ್ತದೆ.

ಬಳಸಬಾರದ ಜಾಗಗಳೂ ಇವೆ. ಊಟಕ್ಕೆ ಇಡಬೇಡಿ. ಗಡಿಯಾರದ ಮುಂದೆ ಉಣ್ಣುವ ಮಗು ಹಸಿವು, ಹೊಟ್ಟೆ ತುಂಬಿದ್ದು ಎರಡನ್ನೂ ಗಮನಿಸದೆ ನುಂಗುವುದನ್ನು ಕಲಿಯುತ್ತದೆ. ಮೂಲೆಯಲ್ಲಿ ಕೂರಿಸುವ ಶಿಕ್ಷೆಗಂತೂ ಬೇಡ. ‘ವಯಸ್ಸಿಗೆ ಒಂದು ನಿಮಿಷ’ ಎಂಬ ಹಳೆಯ ಲೆಕ್ಕದಲ್ಲಿ ಟೈಮರ್ ಇಟ್ಟು ಮಗುವನ್ನು ಒಂಟಿಯಾಗಿ ಕೂರಿಸಿದರೆ, ನೆರವಿಗೆ ಬಂದ ವಸ್ತು ಜೈಲಿನ ಗಡಿಯಾರವಾಗುತ್ತದೆ. ಪುಟ್ಟ ಮಕ್ಕಳ ರಂಪದಲ್ಲಿ ಹೆಚ್ಚಿನವು ಐದು ನಿಮಿಷದೊಳಗೆ ತಾವೇ ಇಳಿಯುತ್ತವೆ. ಆ ಹೊತ್ತಿಗೆ ಬೇಕಾದದ್ದು ಹತ್ತಿರದಲ್ಲಿ ಶಾಂತವಾಗಿ ಕೂತ ದೊಡ್ಡವರು.

ಮೊಬೈಲು, ಟೀವಿ ಬಿಡಿಸಲು ಎಂದೇ ಈ ಟೈಮರ್ ಕೊಳ್ಳುವವರು ಬಹಳ. ಅದಕ್ಕೆ ಇದು ಅಷ್ಟಾಗಿ ಒದಗುವುದಿಲ್ಲ ಎಂಬುದೇ ನಮ್ಮ ಅಭಿಪ್ರಾಯ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 1ರಿಂದ 5 ವರ್ಷದ ಮಕ್ಕಳ ಹೆತ್ತವರಿಂದ ಪರದೆ ಬಿಡಿಸುವ ಹೊತ್ತಿನ ಟಿಪ್ಪಣಿ ಬರೆಸಿದರು. ‘ಇನ್ನೆರಡು ನಿಮಿಷ’ ಎಂದು ಮುನ್ಸೂಚನೆ ಕೊಟ್ಟ ಸಂದರ್ಭಗಳಲ್ಲಿ ಗಲಾಟೆ ಕಡಿಮೆಯಾಗುವ ಬದಲು ಹೆಚ್ಚಿತ್ತು. ದಿನಚರಿಯ ಭಾಗವಾಗಿ, ಕಾರ್ಯಕ್ರಮ ತಾನಾಗಿಯೇ ಮುಗಿಯುವ ಜಾಗದಲ್ಲಿ ನಿಲ್ಲಿಸಿದಾಗ ಬಿಡಿಸುವುದು ಸುಲಭವಿತ್ತು. ಕಾರಣ ಊಹಿಸಬಹುದು: ಕಥೆಯ ನಡುವೆ ಕೆಂಪು ಮುಗಿದರೆ ಕಥೆ ಮುರಿಯುತ್ತದೆ. ಆದ್ದರಿಂದ ನಿಮಿಷದ ಬದಲು ‘ಒಂದು ಕಂತು’ ಎಂದು ಹೇಳಿ, ಮುಂದಿನ ಕಂತು ತಾನಾಗಿ ಶುರುವಾಗುವ ಆಟೋಪ್ಲೇ ವ್ಯವಸ್ಥೆಯನ್ನು ಮೊದಲೇ ಆಫ್ ಮಾಡಿಡಿ. ಫೋನಿನಲ್ಲೇ ಓಡುವ ಟೈಮರ್ ಆ್ಯಪ್‌ಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಬಿಡಿಸಬೇಕಾದ ಪರದೆಯನ್ನೇ ಮಗುವಿನ ಮುಂದೆ ಇಟ್ಟಂತಾಗುತ್ತದೆ, ಕರೆ ಬಂದರೆ ಕೆಂಪು ಮರೆಯಾಗುತ್ತದೆ.

ಕೊಳ್ಳಲು ಮನಸ್ಸಿಲ್ಲದಿದ್ದರೆ ಗಾಜಿನ ಮುಖವಿರುವ ಗೋಡೆ ಗಡಿಯಾರ, ಒರೆಸಿದರೆ ಹೋಗುವ ಮಾರ್ಕರ್ ಸಾಕು. ನಿಮಿಷದ ಮುಳ್ಳು ಈಗಿರುವ ಜಾಗದಿಂದ ಮುಗಿಯಬೇಕಾದ ಜಾಗದವರೆಗೆ ಗಾಜಿನ ಮೇಲೆ ಬಣ್ಣ ಬಳಿಯಿರಿ. ಮುಳ್ಳು ಬಣ್ಣವನ್ನು ದಾಟಿ ಆಚೆಗೆ ಬಂದರೆ ಮುಗಿಯಿತು. ಇಲ್ಲೂ ಐದು ನಿಮಿಷಕ್ಕೆ 30 ಡಿಗ್ರಿಯೇ, ಮೇಲಾಗಿ ಮುಳ್ಳು ದಾಟಿದ ಬಣ್ಣ ಮಾಯವಾಗುವುದಿಲ್ಲ. ಹಾಗಾಗಿ ನಾಲ್ಕೂವರೆ ಐದರ ಕೆಳಗೆ ಪ್ರಯೋಜನ ಕಡಿಮೆ. ಆರರ ಆಸುಪಾಸಿನವರಿಗೆ ಇದು ಬಿಲ್ಲೆ ಟೈಮರ್‌ಗಿಂತಲೂ ಮೇಲು. ಬಿಲ್ಲೆ ಟೈಮರ್‌ನ ಅಂಕಿಗಳು ಹೆಚ್ಚಾಗಿ ಮಾಮೂಲಿ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಸಾಗುತ್ತವೆ, ಗಂಟೆ ನೋಡಲು ಕಲಿಯುತ್ತಿರುವ ಮಗು ಅಲ್ಲಿ ಗೊಂದಲಗೊಳ್ಳುತ್ತದೆ.

ಸ್ಟಿಕ್ಕರ್ ಪಟ್ಟಿಯ ಬಗ್ಗೆ ಒಂದು ಸಂಗತಿ ಸ್ಪಷ್ಟವಾಗಬೇಕು. ಪಾಸಿಟಿವ್ ಡಿಸಿಪ್ಲಿನ್ ಬೇರುಬಿಟ್ಟಿರುವುದು ಆಲ್ಫ್ರೆಡ್ ಆಡ್ಲರ್ ಮತ್ತು ರುಡಾಲ್ಫ್ ಡ್ರೈಕರ್ಸ್ ಎಂಬ ವಿಯೆನ್ನಾದ ವೈದ್ಯರ ಚಿಂತನೆಯಲ್ಲಿ. ಡ್ರೈಕರ್ಸ್ ಶಿಕ್ಷೆಯನ್ನು ಒಪ್ಪದಷ್ಟೇ ಬಹುಮಾನವನ್ನೂ ಒಪ್ಪಲಿಲ್ಲ. ಮಗುವಿಗೆ ಬೇಕಾದದ್ದು ಪ್ರೋತ್ಸಾಹ, ತಾನು ಮನೆಯ ಕೆಲಸಕ್ಕೆ ಬೇಕಾದವಳು ಎಂಬ ಭಾವ ಎಂದರು. ಹಾಗಾಗಿ ಸ್ಟಿಕ್ಕರ್ ಪಟ್ಟಿಗೆ ಆ ಹೆಸರು ಹಚ್ಚುವುದು ತಪ್ಪು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಸಂಶೋಧಕರು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಚಿತ್ರ ಬಿಡಿಸುವುದರಲ್ಲಿ ಮೊದಲೇ ಆಸಕ್ತಿಯಿದ್ದ ಮಕ್ಕಳಿಗೆ ‘ಬಿಡಿಸಿದರೆ ಪ್ರಮಾಣಪತ್ರ’ ಎಂದು ಮುಂಚೆಯೇ ಹೇಳಿ ಕೊಟ್ಟರು. ಒಂದೆರಡು ವಾರದ ಬಳಿಕ ಬಿಡುವಿನ ವೇಳೆಯಲ್ಲಿ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು. ಹೇಳದೆ ಅನಿರೀಕ್ಷಿತವಾಗಿ ಬಹುಮಾನ ಕೊಟ್ಟವರಲ್ಲಿ ಆಸಕ್ತಿ ಕುಗ್ಗಲಿಲ್ಲ.

ಆದ್ದರಿಂದ ಮಗು ಖುಷಿಯಿಂದ ಮಾಡುವ ಕೆಲಸಕ್ಕೆ ಸ್ಟಿಕ್ಕರ್ ಬೇಡ. ತಂಗಿಗೆ ಆಟಿಕೆ ಕೊಟ್ಟದ್ದಕ್ಕೆ, ಅತ್ತವರನ್ನು ಸಮಾಧಾನ ಮಾಡಿದ್ದಕ್ಕೆ ಬೇಡವೇ ಬೇಡ. ಪಾಯಿಖಾನೆಯ ಅಭ್ಯಾಸದಂಥ, ಮಗುವಿಗೆ ಹೊಸದಾದ, ತಾನಾಗಿ ರುಚಿಸದ ಒಂದೇ ಅಭ್ಯಾಸಕ್ಕೆ ಬಳಸಬಹುದು. ಅಲ್ಲೂ ‘ಒದ್ದೆಯಾಗದ ಚಡ್ಡಿ’ಗೆ ಸ್ಟಿಕ್ಕರ್ ಇಡಬೇಡಿ, ‘ಮಕ್ಕಳ ಶೌಚಪೀಠದ ಮೇಲೆ ಕೂತದ್ದಕ್ಕೆ’ ಇಡಿ. ಮೂತ್ರ ತಡೆಯುವುದು ಸ್ನಾಯು ಮತ್ತು ನರದ ಬೆಳವಣಿಗೆಗೆ ಸೇರಿದ್ದು, ಕೂರುವುದು ಮಾತ್ರ ಮಗುವಿನ ಕೈಯಲ್ಲಿದೆ. ಚುಕ್ಕಿ ತಕ್ಷಣ ಸಿಗಲಿ. ವಾರಾಂತ್ಯದ ದೊಡ್ಡ ಬಹುಮಾನ ಎಂಬುದು ಮೂರರ ಮಗುವಿಗೆ ಇಲ್ಲದಂತೆಯೇ. ಕೊಟ್ಟ ಚುಕ್ಕಿಯನ್ನು ಬೇರೆ ತಪ್ಪಿಗೆ ಕಿತ್ತುಕೊಳ್ಳಬಾರದು. ಮೂರು ನಾಲ್ಕು ವಾರದಲ್ಲಿ ಅಭ್ಯಾಸ ನೆಲೆನಿಂತರೆ ಪಟ್ಟಿಯನ್ನು ಸದ್ದಿಲ್ಲದೆ ತೆಗೆದುಬಿಡಿ. ಅಣ್ಣ ತಂಗಿಯರ ಹೆಸರನ್ನು ಅಕ್ಕಪಕ್ಕ ಬರೆದು ಚುಕ್ಕಿ ಎಣಿಸುವ ಪಟ್ಟಿಗಳನ್ನು ಕೊಳ್ಳಲೇಬೇಡಿ.

ಮುಖಗಳ ಚಾರ್ಟಿನಲ್ಲಿ ಇಪ್ಪತ್ತು ಇಪ್ಪತ್ತನಾಲ್ಕು ಮುಖ ತುಂಬಿರುವುದೇ ಅದರ ದೋಷ. ಮಕ್ಕಳು ಮೊದಲು ಹೆಸರಿಸಬಲ್ಲದ್ದು ಸಂತೋಷ, ಆಮೇಲೆ ಸಿಟ್ಟು ಮತ್ತು ದುಃಖ. ಹೆದರಿಕೆ, ಅಚ್ಚರಿ ಅದರ ನಂತರ. ಜಿಗುಪ್ಸೆ ಇನ್ನೂ ತಡ. ಮೂರರ ಮಗುವಿಗೆ ‘ಹತಾಶೆ’ ಮತ್ತು ‘ನಿರಾಶೆ’ಯ ಮುಖ ತೋರಿಸಿ ಯಾವುದೆಂದು ಕೇಳಿದರೆ ಅದು ಏನು ಹೇಳೀತು? ಒಂದು ಹಾಳೆಯಲ್ಲಿ ಮೂರು ಮುಖ ಬರೆದು ಅಂಟಿಸಿ, ನಾಲ್ಕರ ಬಳಿಕ ಎರಡು ಸೇರಿಸಿ. ಮಗು ಕಿರುಚುತ್ತಿರುವಾಗ ಅದನ್ನು ಹಿಡಿದು ‘ಈಗ ನೀನು ಯಾವುದು?’ ಎಂದು ಕೇಳುವುದು ವ್ಯರ್ಥ, ಆಗ ಅದಕ್ಕೆ ಮಾತು ಹೊಳೆಯುವುದಿಲ್ಲ. ಸಮಾಧಾನವಾದ ಮೇಲೆ, ಇಲ್ಲವೇ ರಾತ್ರಿ ಮಲಗುವ ಮುನ್ನ, ‘ಬ್ಲಾಕ್ ಬಿದ್ದಾಗ ನೀನು ಈ ಮುಖ ಇದ್ದೆ’ ಎಂದು ನೀವೇ ಬೆರಳಿಟ್ಟು ತೋರಿಸಿ. ಕೆಲವು ದಿನ ಕಳೆದ ಮೇಲೆ ಮಗು ತಾನೇ ಬೆರಳಿಡುತ್ತದೆ.

ಕಿಟ್ಟಿನ ಜೊತೆ ಬರುವ ಉಳಿದ ಸಾಮಾನಿಗೆ ಹೆಚ್ಚು ಮಾತು ಬೇಡ. ‘ಯೋಚನೆಯ ಕುರ್ಚಿ’ ಎಂಬುದು ಬಣ್ಣ ಬಳಿದ ಶಿಕ್ಷೆಯ ಕುರ್ಚಿ, ಬಿಟ್ಟುಬಿಡಿ. ದಿನಚರಿಯ ಚಿತ್ರಕಾರ್ಡುಗಳು ಒಳ್ಳೆಯವು, ಅದರಲ್ಲೂ ಬೆಳಗಿನ ಹೊತ್ತಿಗೆ. ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಕಾರ್ಡು ಸಾಲಾಗಿಡದಿದ್ದರೆ ಸಾಕು: ಎದ್ದದ್ದು, ಹಲ್ಲುಜ್ಜಿದ್ದು, ತಿಂಡಿ, ಬಟ್ಟೆ. ಮುಗಿದ ಕಾರ್ಡನ್ನು ಮಗುವೇ ತಿರುಗಿಸಿಡಲಿ. ಮೂರು ವರ್ಷದ ಒಳಗಿನವರಿದ್ದರೆ ಕಿಟ್ಟಿನ ಬಿಡಿಭಾಗಗಳನ್ನೆಲ್ಲ ಒಮ್ಮೆ ಅಳೆದು ನೋಡಿ. ಪುಟ್ಟ ಭಾಗಗಳನ್ನು ಪರೀಕ್ಷಿಸುವ ಸಿಲಿಂಡರಿನ ಒಳವ್ಯಾಸ 31.7 ಮಿ.ಮೀ. ಅದರೊಳಗೆ ಪೂರ್ತಿ ಇಳಿಯುವಂಥದ್ದೆಲ್ಲ ಆ ವಯಸ್ಸಿನ ಗಂಟಲಿಗೆ ಅಪಾಯ, ತೆಗೆದು ಮೇಲಿಡಿ.

ನಾಲ್ಕರ ಮಗುವಿರುವ ಮನೆಗೆ ಒಂದೇ ವಸ್ತು ತರುವುದಾದರೆ 20 ನಿಮಿಷದ, ಎಎ ಸೆಲ್ಲಿನ, ಸ್ಕ್ರೂ ಬಾಗಿಲಿನ, ಸದ್ದು ಆಫ್ ಆಗುವ ಬಿಲ್ಲೆ ಟೈಮರ್ ತನ್ನಿ. ತಂದ ದಿನ ಮಗುವಿಗೆ ತೋರಿಸುವ ಮುನ್ನ ಐದು ನಿಮಿಷಕ್ಕಿಟ್ಟು ಪಕ್ಕದಲ್ಲಿ ಸ್ಟಾಪ್‌ವಾಚ್ ಓಡಿಸಿ ಪರೀಕ್ಷಿಸಿ. ಒಂದು ನಿಮಿಷದಷ್ಟು ಆಚೀಚೆ ಹೋದರೆ ಮರಳಿಸಿ, ಬೇರೆಯದನ್ನು ಕೇಳಿ.